ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ: ಕರ್ನಾಟಕದಲ್ಲಿ ಪ್ರವೇಶಾರ್ಹತೆ

ರಕ್ತ, ಮೂತ್ರ, ಕಫ, ಅಂಗಾಂಶ ಮೊದಲಾದ ಮಾದರಿಗಳನ್ನು ಪರೀಕ್ಷಿಸಿ ರೋಗನಿದಾನಕ್ಕೆ ನೆರವಾಗುವ ತಂತ್ರಜ್ಞರನ್ನು ತರಬೇತುಗೊಳಿಸುವ ಶಿಕ್ಷಣಕ್ಕೆ ಸೇರಲು ಇರಬೇಕಾದ ಅರ್ಹತೆ. ಕರ್ನಾಟಕದಲ್ಲಿ ಈ ಶಿಕ್ಷಣಕ್ಕೆ ಪದವಿ ಮತ್ತು ಡಿಪ್ಲೊಮಾ ಎಂಬ ಎರಡು ಮುಖ್ಯ ದಾರಿಗಳಿವೆ.

ಪದವಿ: ಬಿ.ಎಸ್ಸಿ. ಶಿಕ್ಷಣಕ್ರಮವನ್ನು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ (ಸ್ಥಾಪನೆ 1996) ತನ್ನ ಸಂಯೋಜಿತ ಕಾಲೇಜುಗಳ ಮೂಲಕ ನಡೆಸುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಮುಖ್ಯ ವಿಷಯಗಳಾಗಿ ಓದಿ ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಜೀವಶಾಸ್ತ್ರವಿಲ್ಲದೆ ಗಣಿತ ಓದಿದವರು ಅರ್ಹರಲ್ಲ. ಬೋಧನೆ ಮತ್ತು ಪರೀಕ್ಷೆಯ ಮಾಧ್ಯಮ ಇಂಗ್ಲಿಷ್. ವ್ಯಾಸಂಗದ ನಂತರ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ.

ಡಿಪ್ಲೊಮಾ: ಡಿ.ಎಂ.ಎಲ್.ಟಿ. ಎಂದು ಪರಿಚಿತವಾದ ಇದು ರಾಜ್ಯದ ಅರೆವೈದ್ಯಕೀಯ ಮಂಡಳಿಯ ಆಡಳಿತಕ್ಕೆ ಸೇರಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷದ, ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ವ್ಯಾಸಂಗವಿದೆ.

ದಾಖಲೆಗಳು: ಅಂಕಪಟ್ಟಿ, ವರ್ಗಾವಣೆ ಪತ್ರ, ಅನ್ವಯಿಸಿದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ಹೊರರಾಜ್ಯದ ಮಂಡಳಿಯಲ್ಲಿ ಓದಿದವರು ಅರ್ಹತಾ ಪ್ರಮಾಣಪತ್ರ ಪಡೆಯಬೇಕಾಗುತ್ತದೆ.

ರಾಷ್ಟ್ರೀಯ ಚೌಕಟ್ಟು: 2021ರ ರಾಷ್ಟ್ರೀಯ ಸಂಲಗ್ನ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿದೆ. ಸಂಲಗ್ನ ಆರೋಗ್ಯ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಸೇವಾ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಅದು ನಿಗದಿಪಡಿಸಿದೆ.