ನಿಮ್ಮ ಲ್ಯಾಪ್‌ಟಾಪ್ ಫ್ಯಾನ್ ಯಾಕ ಒದರ್ತದ? ಒಂದು ಸಣ್ಣ ಇತಿಹಾಸ

(1/6)
ಆಳಂದ, ಅಫಜಲಪುರ, ಜೇವರ್ಗಿ ಗೆಳೆಯರೇ, ಏಪ್ರಿಲ್ ಮಧ್ಯಾಹ್ನ ಪ್ರಾಜೆಕ್ಟ್ ಫೈಲ್ ತೆಗೆದ ಕೂಡ್ಲೇ ನಿಮ್ಮ ಲ್ಯಾಪ್‌ಟಾಪ್ ಹಿಟ್ಟಿನ ಗಿರಣಿ ಹಂಗ ಗರ್ ಅಂತದ ಹೌದಲ್ಲ? "ಇದು ಕೆಟ್ಟೋಯ್ತು" ಅಂತ ಅಗ್ಗಕ್ಕೆ ಮಾರೋ ಮೊದ್ಲು ಇದನ್ನ ಓದ್ರಿ.

(2/6)
1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರ್ ವೇಗ 4.77 ಮೆಗಾಹರ್ಟ್ಸ್. ಅದರ ತಲೆ ಮೇಲೆ ಫ್ಯಾನೇ ಇರಲಿಲ್ಲ. ಸದ್ದು ಬರ್ತಿದ್ದದ್ದು ಪವರ್ ಸಪ್ಲೈ ಡಬ್ಬಿಯಿಂದ. ಆಮೇಲೆ ವೇಗದ ಓಟ ಶುರುವಾಯ್ತು. 1993ರ ಮೊದಲ ಪೆಂಟಿಯಂ 60 ಮತ್ತು 66 ಮೆಗಾಹರ್ಟ್ಸ್, 5 ವೋಲ್ಟ್. ಅದು ಚೆನ್ನಾಗೇ ಕಾಯ್ತಿತ್ತು. ಚಿಪ್ ಮೇಲೆ ಫ್ಯಾನ್ ಕೂಡಿಸೋದು ರೂಢಿ ಆಯ್ತು.

(3/6)
2004ಕ್ಕೆ ಪೆಂಟಿಯಂ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್, 115 ವ್ಯಾಟ್. ಅಂದ್ರ 100 ವ್ಯಾಟಿನ ಹಳೇ ಬಲ್ಬಿಗಿಂತ ಹೆಚ್ಚು ಶಾಖ, ಅದೂ ಹೆಬ್ಬೆರಳ ಉಗುರಿನಷ್ಟು ಜಾಗದಾಗ! ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಚಿಪ್ಪಿನ ಯೋಜನೆ ಕೈಬಿಟ್ಟಿತು. ಒಂದೇ ಎತ್ತನ್ನು ಓಡಿಸೋ ಬದಲು ಎರಡೆತ್ತು ಹೂಡೋಣ ಅನ್ನೋ ದಾರಿ ಹಿಡಿದ್ರು. 2006ರ ಕೋರ್ 2 ಡ್ಯುಯೊ ಎರಡು ಕೋರ್ ಇದ್ದೂ 65 ವ್ಯಾಟಿನೊಳಗೆ ಬಂತು.

(4/6)
ಲೆಕ್ಕ ಸರಳ ಅದ. ವೇಗ ಹೆಚ್ಚಿದಷ್ಟೂ ವಿದ್ಯುತ್ ಖರ್ಚು ಹೆಚ್ಚು, ಆದರೆ ವೋಲ್ಟೇಜ್ ಹೆಚ್ಚಿದ್ರೆ ಖರ್ಚು ಅದರ ವರ್ಗದಷ್ಟು ಏರ್ತದ. 2000ದ ಜನವರಿಯಲ್ಲಿ ಬಂದ ಸ್ಪೀಡ್‌ಸ್ಟೆಪ್ ಇದನ್ನೇ ಬಳಸಿತು. ಲ್ಯಾಪ್‌ಟಾಪ್ ಕರೆಂಟಿನ ಮೇಲಿದ್ರೆ 650 ಮೆಗಾಹರ್ಟ್ಸ್, 1.6 ವೋಲ್ಟ್. ಬ್ಯಾಟರಿ ಮೇಲೆ 500 ಮೆಗಾಹರ್ಟ್ಸ್, 1.35 ವೋಲ್ಟ್. ವೇಗ ಕಡಿಮೆಯಾದದ್ದು ನೂರಕ್ಕೆ 23, ಖರ್ಚು ಇಳಿದದ್ದು ಸುಮಾರು 45! ಇವತ್ತು ನಿಮ್ಮ ಸೆಟ್ಟಿಂಗ್ಸ್‌ನಲ್ಲಿರೋ 'ಪವರ್ ಪ್ಲಾನ್' ಮಾಡೋದೂ ಇದೇ ಕೆಲಸ.

(5/6)
ನಮ್ಮ ರಾಜ್ಯದಾಗೂ ಇದರ ಒಂದು ಕಥೆ ಅದ. ತಾಲ್ಲೂಕು ಕಚೇರಿಗಳಲ್ಲಿ 'ಭೂಮಿ' ಯೋಜನೆಯ ಕಂಪ್ಯೂಟರ್‌ನಿಂದ 15 ರೂಪಾಯಿಗೆ ಪಹಣಿ ಸಿಗೋಕೆ ಶುರುವಾದ ಆ ಕಾಲದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮತ್ತು ಜೊತೆಗಾರರು 'ಸಿಂಪ್ಯೂಟರ್' ಕಟ್ಟಿದ್ರು. ಹಳ್ಳಿಯವರೂ ಬಳಸಬೇಕು ಅನ್ನೋದು ಆಸೆ. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ತಿನ್ನೋದು ಒಂದು ವ್ಯಾಟಿಗಿಂತ ಕಡಿಮೆ. ಹಾಗಾಗಿ ಫ್ಯಾನ್ ಬೇಕಿಲ್ಲ, ಸಣ್ಣ ಬ್ಯಾಟರಿ ಸಾಕು. ಅದು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ನಿಜ. ಆದರೆ ನಿಮ್ಮ ಕೈಯಲ್ಲಿರೋ ಫೋನನ್ನ ನೋಡ್ರಿ: ಅದರೊಳಗೂ ಆರ್ಮ್ ಜಾತಿಯ ಚಿಪ್ಪೇ ಇರ್ತದ, ಫ್ಯಾನ್ ಇಲ್ಲ.

(6/6)
ಈಗ ನಮ್ಮ ಬ್ಯಾಸಗಿಗೆ ಬರ್ರಿ. ಫ್ಯಾನ್ ತಂಪು ಹುಟ್ಟಿಸೋದಿಲ್ಲ, ಕೋಣೆಯ ಗಾಳಿಯನ್ನೇ ಚಿಪ್ಪಿನ ಕಡೆ ದಬ್ತದ. ಕೋಣೆಯೇ 42 ಡಿಗ್ರಿ ಇದ್ರೆ ಅದು ಜಾಸ್ತಿ ತಿರುಗಲೇಬೇಕು. ಅದು ರೋಗ ಅಲ್ಲ, ದುಡಿಮೆ.

ನೀವು ಮಾಡಬೇಕಾದ್ದು ಇಷ್ಟೇ: ಟೈಪಿಂಗ್‌ಗೆ 'ಹೈ ಪರ್ಫಾರ್ಮೆನ್ಸ್' ಬೇಡ, 'ಬ್ಯಾಲೆನ್ಸ್ಡ್' ಸಾಕು. ವಿಂಡೋಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 99% ಇಟ್ರೆ ಸಾಮಾನ್ಯವಾಗಿ ಟರ್ಬೊ ಓಟ ನಿಲ್ತದ, ಶಾಖನೂ ಇಳೀತದ. ಕೌದಿ ಮೇಲೆ ಇಟ್ಕೊಂಡು ಕೂಡಬ್ಯಾಡ್ರಿ, ಗಾಳಿ ಕಿಂಡಿ ಮುಚ್ತದ. ವರ್ಷಕ್ಕೊಮ್ಮೆ ಧೂಳು ತೆಗೆಸ್ರಿ. ಏನೂ ಕೆಲಸ ಇಲ್ಲದಾಗಲೂ ಒದರಿದ್ರೆ ಮಾತ್ರ ಟಾಸ್ಕ್ ಮ್ಯಾನೇಜರ್ ತೆಗೆದು ಯಾವ ಪ್ರೋಗ್ರಾಂ ತಿಂತಿದೆ ನೋಡ್ರಿ.

ಕರೆಂಟ್ ಹೋದ ದಿನ ಬ್ಯಾಟರಿ ಇನ್ನೊಂದಿಷ್ಟು ಹೊತ್ತು ಉಳಿದ್ರೆ ನಿಮ್ಮ ಅಸೈನ್‌ಮೆಂಟ್ ಉಳೀತದ. ಹೊಸದು ಕೊಳ್ಳೋಕೆ ಮನೆಯಲ್ಲಿ ರೊಕ್ಕ ಕೇಳೋ ಮೊದ್ಲು ಈ ಸೆಟ್ಟಿಂಗ್ ಒಮ್ಮೆ ಬದಲಿಸಿ ನೋಡ್ರಿ. ಸದ್ದು ಕಡಿಮೆ ಆಯ್ತಾ? ಕಮೆಂಟ್‌ನಲ್ಲಿ ಹೇಳ್ರಿ.

#ಆಳಂದ #ಅಫಜಲಪುರ #ಜೇವರ್ಗಿ #ಕಂಪ್ಯೂಟರ್‌ಇತಿಹಾಸ