ಹಾಸಿಗೆಯ ಕಾಲದಿಂದ ಬಲೂನಿನ ಕಾಲಕ್ಕೆ

1955ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಡೆನ್ವರ್ ನಗರದಲ್ಲಿ ಗಾಲ್ಫ್ ಆಡುತ್ತಿದ್ದ. ಹ್ಯಾಂಬರ್ಗರಿನ ಜೊತೆ ಹಸಿ ಈರುಳ್ಳಿ ತಿಂದಿದ್ದ. ಸಂಕಟವಾಗತೊಡಗಿದಾಗ ಈರುಳ್ಳಿಯನ್ನೇ ದೂರಿದ. ನಡುರಾತ್ರಿಯ ಮೇಲೆ ಎದೆನೋವು ಎಬ್ಬಿಸಿತು. ಓಡಿಬಂದ ವೈದ್ಯ ಮಾರ್ಫಿನ್ ಚುಚ್ಚಿದ. ಬೆಳಿಗ್ಗೆ ಪತ್ರಕರ್ತರಿಗೆ ತಿಳಿಸಿದ್ದು ಅಜೀರ್ಣ ಎಂದು. ಇಸಿಜಿ ತೆಗೆದಾಗ ಮಧ್ಯಾಹ್ನವಾಗಿತ್ತು. ಆಗ ಹೊರಬಿತ್ತು, ಆಗಿದ್ದದ್ದು ಹೃದಯಾಘಾತ. ಅಂಥ ಬಲಾಢ್ಯನಿಗೂ ಆ ಕಾಲದ ವೈದ್ಯಶಾಸ್ತ್ರದ ಬಳಿ ಇದ್ದದ್ದು ಆಮ್ಲಜನಕ, ನೋವು ಮರೆಸುವ ಮದ್ದು, ಹೆಪಾರಿನ್, ಮತ್ತು ಏಳು ವಾರಗಳ ಆಸ್ಪತ್ರೆವಾಸ.

ಅದು ಹಾಸಿಗೆಯ ಕಾಲ. ಹೃದಯದ ರಕ್ತನಾಳ ಹಠಾತ್ತನೆ ಕಟ್ಟಿಕೊಂಡರೂ ಮನುಷ್ಯ ಬದುಕಿರಬಲ್ಲನೆಂದು ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲಿ ಬರೆದ ಮೇಲೆ, ಸಂಪೂರ್ಣ ವಿಶ್ರಾಂತಿಯೇ ಮದ್ದೆಂಬ ನಂಬಿಕೆ ಬಲವಾಗಿ ಬೇರೂರಿತು. ರೋಗಿ ವಾರಗಟ್ಟಲೆ ಅಂಗಾತ ಮಲಗಿರಬೇಕು. ತುತ್ತನ್ನೂ ನರ್ಸೇ ಬಾಯಿಗಿಡಬೇಕು. ಅಲುಗಾಡದ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೊಕ್ಕು, ಹೃದಯಾಘಾತದಿಂದ ಉಳಿದವರೂ ಹಾಸಿಗೆಯಿಂದಲೇ ಸತ್ತರು. ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಎಂದು ಬಾಸ್ಟನ್ನಿನ ಲೆವಿನ್ ಮತ್ತು ಲೌನ್ ಹೇಳಿದ್ದು 1952ರಲ್ಲಿ. ಅಷ್ಟು ಸಣ್ಣ ಮಾತಿಗೆ ನಲವತ್ತು ವರ್ಷ ಹಿಡಿಯಿತು!

ಹೃದಯದೊಳಕ್ಕೆ ಹೋಗುವ ದಾರಿ ಮಾತ್ರ ಅದಕ್ಕೂ ಮೊದಲೇ ತೆರೆದಿತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ, ಮೇಲಿನವರು ಬೇಡವೆಂದರೂ ಕೇಳದೆ, ತನ್ನ ತೋಳಿನ ರಕ್ತನಾಳ ಕೊಯ್ದು, ಮೂತ್ರಕ್ಕೆ ಹಾಕುವ ಕೊಳವೆಯನ್ನು 65 ಸೆಂಟಿಮೀಟರ್ ಒಳಕ್ಕೆ ತಳ್ಳಿದ. ತೋಳಿನಿಂದ ಕೊಳವೆ ನೇತಾಡುತ್ತಿದ್ದಂತೆಯೇ ಎಕ್ಸ್-ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ತಲುಪಿದ್ದಕ್ಕೆ ಚಿತ್ರವನ್ನೇ ಸಾಕ್ಷಿಯಾಗಿಸಿಕೊಂಡ. ಸಿಕ್ಕಿದ್ದು ಛೀಮಾರಿ, ನೊಬೆಲ್ ಬಂದದ್ದು 1956ರಲ್ಲಿ. 1958ರಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್‌ನ ಕೊಳವೆಯಿಂದ ಬಣ್ಣದ ದ್ರವ ಅಕಸ್ಮಾತ್ತಾಗಿ ಹೃದಯದ ರಕ್ತನಾಳಕ್ಕೇ ನುಗ್ಗಿತು. ರೋಗಿಯ ಹೃದಯ ನಿಂತಿತು. ಕೆಮ್ಮಿಸಿದಾಗ ಮತ್ತೆ ಬಡಿಯಿತು. ಇಂದಿನ ಆಂಜಿಯೋಗ್ರಾಮ್ ಹುಟ್ಟಿದ್ದು ಹೀಗೆ.

ಇನ್ನು ಜ್ಯೂರಿಕ್. ಎಪ್ಪತ್ತರ ದಶಕದಲ್ಲಿ ಅಲ್ಲಿನ ಒಂದು ಮನೆಯ ಅಡುಗೆಮನೆ ಮೇಜಿನ ಮೇಲೆ ರಾತ್ರಿ ಹೊತ್ತು ಪಿವಿಸಿ ಕೊಳವೆ, ದಾರ, ಅಂಟು, ಬ್ಲೇಡು ಹರಡಿಕೊಳ್ಳುತ್ತಿದ್ದವು. ಸುತ್ತ ಕೂತವರು ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಆಂಡ್ರಿಯಾಸ್ ಗ್ರುಂಟ್ಸಿಗ್, ಅವನ ಹೆಂಡತಿ ಮಿಖಾಯೆಲಾ, ಸಹಾಯಕಿ ಮರಿಯಾ ಶ್ಲುಂಪ್ಫ್. ಕಿರಿದಾದ ರಕ್ತನಾಳವನ್ನು ಕೊಳವೆಯ ತುದಿಯ ಬಲೂನು ಉಬ್ಬಿಸಿ ಅಗಲಿಸುವುದು ಅವರ ಗುರಿ. ಆದರೆ ರಬ್ಬರಿನ ಬಲೂನು ಬ್ಲಾಕ್ ಇದ್ದಲ್ಲಿ ಹಿಂಜರಿದು, ಬಿಡುವಿದ್ದತ್ತ ಉಬ್ಬಿಬಿಡುತ್ತಿತ್ತು. ಎಷ್ಟು ಒತ್ತಡ ಹಾಕಿದರೂ ಗೊತ್ತಾದ ಗಾತ್ರ ಮೀರದ, ಉದ್ದನೆಯ ಗಟ್ಟಿ ಬಲೂನು ಅವರಿಗೆ ಬೇಕಿತ್ತು. 1976ರಲ್ಲಿ ನಾಯಿಗಳ ಮೇಲಿನ ಪ್ರಯೋಗವನ್ನು ಅಮೆರಿಕದ ಸಮ್ಮೇಳನದಲ್ಲಿ ತೋರಿಸಿದಾಗ ಹೆಚ್ಚಿನವರು ನಂಬದೆ ಮುಂದೆ ಸಾಗಿದರು.

1977ರ ಸೆಪ್ಟೆಂಬರ್ 16ರಂದು, ನಲವತ್ತು ತುಂಬದ ಒಬ್ಬ ರೋಗಿಯ ಎಡ ಮುಂಭಾಗದ ರಕ್ತನಾಳದಲ್ಲಿ ಗ್ರುಂಟ್ಸಿಗ್ ಬಲೂನನ್ನು ಉಬ್ಬಿಸಿದ. ಏನಾದರೂ ಆದರೆ ಎದೆ ತೆರೆಯಲು ಶಸ್ತ್ರವೈದ್ಯರು ಸಜ್ಜಾಗಿ ನಿಂತಿದ್ದರು. ಅವರಿಗೆ ಕೆಲಸ ಬೀಳಲಿಲ್ಲ. ಹತ್ತು ವರ್ಷಗಳ ಬಳಿಕ ನೋಡಿದಾಗಲೂ ಆ ನಾಳ ತೆರೆದೇ ಇತ್ತು. ಹಾಗೆಂದು ಎಲ್ಲರಿಗೂ ಆ ಅದೃಷ್ಟವಿರಲಿಲ್ಲ: 1979ರಲ್ಲಿ ಅವನೇ ಪ್ರಕಟಿಸಿದ ಮೊದಲ 50 ರೋಗಿಗಳಲ್ಲಿ ಬಲೂನು ಫಲಿಸಿದ್ದು 32 ಮಂದಿಗೆ. ಸೋಲನ್ನೂ ಎಣಿಸಿ ಬರೆದದ್ದು ಅವನ ದೊಡ್ಡತನ. 1985ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ತಾನೇ ಹಾರಿಸುತ್ತಿದ್ದ ವಿಮಾನ ಬಿದ್ದು ಸತ್ತಾಗ ಅವನಿಗೆ 46.

ಆದರೆ ಆ ಮೊದಲ ರೋಗಿಯದು ನಿಧಾನದ ಎದೆನೋವು. ಹೃದಯಾಘಾತ ನಡೆಯುತ್ತಿರುವ ಹೊತ್ತಿನಲ್ಲೇ ಕೊಳವೆ ಹಾಕುವ ಧೈರ್ಯ ಬೇರೆಯದು. ಹೆಪ್ಪು ಆಘಾತದ ಕಾರಣವೋ ಪರಿಣಾಮವೋ ಎಂಬ ಜಗಳವೇ ತೀರಿರಲಿಲ್ಲ. 1980ರಲ್ಲಿ ಸ್ಪೋಕೇನ್ ನಗರದ ಡಿವುಡ್ ಅದನ್ನು ಮುಗಿಸಿದ: ನೋವು ಶುರುವಾದ ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಮ್ ಮಾಡಿದವರಲ್ಲಿ ಶೇ. 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಮುಚ್ಚಿದ್ದನ್ನು ತೆರೆದರಾಯಿತಲ್ಲ! ಕಾನ್ಸಾಸ್ ಸಿಟಿಯ ಜೆಫ್ರಿ ಹಾರ್ಟ್‌ಜ್ಲರ್ ನೇರ ಬಲೂನನ್ನೇ ಹಿಡಿದ. ಇಟಲಿಯವರು ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಹಿಡಿದರು. 1986ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸುಮಾರು ಹನ್ನೆರಡು ಸಾವಿರ ರೋಗಿಗಳಿದ್ದರು. ಮೊದಲ ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆರು ಗಂಟೆ ದಾಟಿದವರಿಗೆ ಲಾಭವೇ ಕಾಣಲಿಲ್ಲ.

ಬಲೂನು ಮೇಲೋ ಮದ್ದು ಮೇಲೋ ಎಂಬ ಪೈಪೋಟಿ ಆಮೇಲಿನದು. 1993ರಲ್ಲಿ ಸಿಂಡಿ ಗ್ರೈನ್ಸ್ ನೇತೃತ್ವದ ಅಧ್ಯಯನ 395 ರೋಗಿಗಳನ್ನು ಎರಡು ಪಾಲು ಮಾಡಿತು. ಸಾವು ಅಥವಾ ಮತ್ತೊಂದು ಆಘಾತ, ಮದ್ದಿನವರಲ್ಲಿ ಶೇ. 12, ಬಲೂನಿನವರಲ್ಲಿ ಶೇ. 5.1. ಮಿದುಳಿನ ರಕ್ತಸ್ರಾವ ಬಲೂನಿನವರಲ್ಲಿ ಒಬ್ಬರಿಗೂ ಇಲ್ಲ. 2003ರಲ್ಲಿ ಇಂಥ 23 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಅಲ್ಪಕಾಲದ ಸಾವು ಬಲೂನಿನವರಲ್ಲಿ ಶೇ. 7, ಮದ್ದಿನವರಲ್ಲಿ ಶೇ. 9. ಗೆದ್ದದ್ದು ಬಲೂನು. ಅಷ್ಟರಲ್ಲಿ, ತೆರೆದ ನಾಳ ಮತ್ತೆ ಮುಚ್ಚದಂತೆ ಒಳಗೇ ಬಿಡುವ ಲೋಹದ ಜಾಲರಿ, ಸ್ಟೆಂಟ್ ಕೂಡ ಬಂದಿತ್ತು. 1986ರಲ್ಲಿ ತುಲೂಸ್‌ನಲ್ಲಿ ಝಾಕ್ ಪ್ಯುಯೆಲ್ ಮೊದಲು ಹಾಕಿದ್ದು.

ಗೆದ್ದವರು ಮಿತಿ ಮರೆಯುವುದು ಚರಿತ್ರೆಯ ಹಳೆಯ ಚಾಳಿ. ಎಷ್ಟು ದಿನ ಕಳೆದರೂ ನಾಳ ತೆರೆಯುವುದು ಒಳ್ಳೆಯದೇ ಎಂದು ನಂಬಿದವರಿಗೆ 2006ರ ಅಧ್ಯಯನವೊಂದು ತಣ್ಣೀರೆರಚಿತು. ಆಘಾತವಾಗಿ ಮೂರರಿಂದ 28 ದಿನಗಳ ನಡುವೆ, ಸ್ಥಿರವಾಗಿದ್ದ 2,166 ರೋಗಿಗಳಲ್ಲಿ, ಮುಚ್ಚಿದ ನಾಳ ತೆರೆಸಿಕೊಂಡವರಿಗೂ ಬರೀ ಮಾತ್ರೆ ನುಂಗಿದವರಿಗೂ ಫಲಿತಾಂಶದಲ್ಲಿ ಮೇಲುಕೀಳು ಇರಲಿಲ್ಲ. ಸತ್ತ ಸ್ನಾಯುವಿಗೆ ರಕ್ತ ಹರಿಸಿ ಏನು ಬಂತು? ಬಲೂನಿಗೆ ಸಂದ ಕೀರ್ತಿಯಲ್ಲಿ ದೊಡ್ಡ ಪಾಲು ಗಡಿಯಾರದ್ದು ಎಂದೇ ನನ್ನ ಎಣಿಕೆ.

ಭಾರತದ ಗಡಿಯಾರದ ಲೆಕ್ಕ ಸಿಕ್ಕಿದ್ದು 2008ರಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು 89 ಆಸ್ಪತ್ರೆಗಳ 20,937 ರೋಗಿಗಳ ವಿವರ ಕಲೆಹಾಕಿದ್ದರು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಕಾಲ 360 ನಿಮಿಷ. ಆಂಜಿಯೋಪ್ಲಾಸ್ಟಿ, ಅಂದರೆ ಈ ಬಲೂನಿನ ಚಿಕಿತ್ಸೆ, ಸಿಕ್ಕಿದ್ದು ಉಳ್ಳವರಲ್ಲಿ ಶೇ. 15.3, ಬಡವರಲ್ಲಿ ಶೇ. 2. ಮೂವತ್ತು ದಿನದೊಳಗಿನ ಸಾವು ಉಳ್ಳವರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದೊಡನೆ ಸಾವಿನ ಅಂತರ ಅಳಿಸಿಹೋಯಿತು. ಬಡವರ ಹೃದಯದಲ್ಲಿ ಬೇರೆ ದೋಷವೇನೂ ಇರಲಿಲ್ಲ.

2017ರ ಫೆಬ್ರವರಿಯಲ್ಲಿ ಮದ್ದು ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಬೆಲೆಮಿತಿ ಬಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದಿತು: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಬಳಿಕ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಅದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಇದೆಯೇ ಎಂದು, ಎದೆ ಹಿಡಿದುಕೊಳ್ಳುವ ಮೊದಲೇ, ಒಮ್ಮೆ ಹೋಗಿ ಕೇಳಿಟ್ಟುಕೊಳ್ಳಿ.