ಮುಪ್ಪಿನ ವಿಷಾದಕ್ಕೆ ಮೈಯಲ್ಲಿ ಗುರುತುಂಟೆ?

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಅಜ್ಜಿಯೊಬ್ಬರು ವೈದ್ಯರ ಮುಂದೆ ಕುಳಿತು ‘ದುಃಖ’ ಎಂಬ ಮಾತನ್ನಾಡುವುದು ಅಪೂರ್ವ. ಮೈಯಲ್ಲಿ ಕಸುವಿಲ್ಲ, ನಿದ್ದೆ ಹತ್ತದು, ಅನ್ನ ಸೇರದು ಎನ್ನುತ್ತಾರೆ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ವಯಸ್ಸು ಯಾವುದು, ವ್ಯಾಧಿ ಯಾವುದು ಎಂದು ಬೇರ್ಪಡಿಸಬಲ್ಲ ಗುರುತೊಂದು ದೇಹದಲ್ಲಿಯೇ ಇದ್ದೀತೆ? ಈ ಹುಡುಕಾಟಕ್ಕೆ ದೀರ್ಘವಾದ ಚರಿತ್ರೆಯುಂಟು.

ಚರಕಸಂಹಿತೆಯು ವಿಷಾದವನ್ನೂ ನಿದ್ರಾನಾಶವನ್ನೂ ವಾತವಿಕಾರಗಳ ಸಾಲಿಗೆ ಸೇರಿಸಿತು. ಮುಪ್ಪನ್ನು ವಾತಪ್ರಧಾನವಾದ ಕಾಲವೆಂದು ಬಗೆಯಿತು. ಗ್ರೀಕರು ಕಪ್ಪು ಪಿತ್ತವನ್ನು ದೂರಿದರು.

ಆಧುನಿಕರಿಗೆ ಸುಳಿವು ಕೊಟ್ಟ ವಸ್ತುಗಳಲ್ಲಿ ನಮ್ಮ ಸರ್ಪಗಂಧಿಯೂ ಒಂದು. ಆ ಬೇರು ರಕ್ತದೊತ್ತಡವನ್ನು ತಗ್ಗಿಸುವುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ವಿವರಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂದು ವರದಿಗಳು ಬಂದವು. ಮಿದುಳಿನಲ್ಲಿ ಅಮೈನುಗಳೆಂಬ ರಾಸಾಯನಿಕಗಳು ಬರಿದಾಗುವುದೇ ಖಿನ್ನತೆಯ ಮೂಲವೆಂಬ ವಾದ 1960ರ ದಶಕದಲ್ಲಿ ಬೆಳೆದುದು ಇಂಥ ಅನುಭವಗಳಿಂದ. ಆ ವರದಿಗಳ ಬಲವನ್ನು ಮುಂದೆ ಹಲವರು ಸಂದೇಹಿಸಿದರೆನ್ನಿ.

1981ರಲ್ಲಿ ಬರ್ನಾರ್ಡ್ ಕ್ಯಾರಲ್ ಮತ್ತು ಸಂಗಡಿಗರು ಡೆಕ್ಸಾಮೆಥಸೋನ್ ಪರೀಕ್ಷೆಯನ್ನು ಮುಂದಿಟ್ಟಾಗ, ಗುರುತು ಸಿಕ್ಕೇಬಿಟ್ಟಿತೆಂದು ಅನೇಕರಿಗೆ ಅನಿಸಿತು. ರಾತ್ರಿ 1 ಮಿಲಿಗ್ರಾಂ ಮದ್ದು. ಮರುದಿನ ರಕ್ತದಲ್ಲಿ ಕಾರ್ಟಿಸಾಲ್ ತಗ್ಗದೆ ಉಳಿದರೆ ಅದು ಖಿನ್ನತೆಯ ಲಕ್ಷಣ. ಆದರೆ ಅರಳುಮರಳಿನ ಹಲವರಲ್ಲಿಯೂ, ಊಟ ಬಿಟ್ಟು ಮೈಯಿಳಿದವರಲ್ಲಿಯೂ ಅದು ತಗ್ಗಲಿಲ್ಲ. ಮುದುಕರಿಗೆ ಹೆಚ್ಚು ಬೇಕಾದ ಕಡೆಯಲ್ಲಿಯೇ ಒರೆಗಲ್ಲು ಕೈಕೊಟ್ಟಿತು.

ನಮ್ಮ ಸೀಮೆಯ ಅಧ್ಯಾಯ ಬೇರೆ ಬಗೆಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರುಗಳಲ್ಲಿ ಬರೆದಿಟ್ಟರು. ಚಾಮರಾಜನಗರ, ಗುಂಡ್ಲುಪೇಟೆಗಳು 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. 1990ರ ದಶಕದಲ್ಲಿ ಸಂಶೋಧಕರು ಮೈಸೂರಿನಲ್ಲಿ ಮನೆಮನೆ ತಿರುಗಿ ಆ ಕೂಸುಗಳನ್ನು ಹುಡುಕಿದರು. ಆಗ ಅವರು ನಡುವಯಸ್ಕರು. ನೋಡಿದ್ದು ಸಕ್ಕರೆರೋಗ, ಹೃದ್ರೋಗಗಳನ್ನು. ಅವರಲ್ಲಿ ಉಳಿದವರು ಹಿರಿಯರಾದ ಮೇಲೆ ನೆನಪು, ಬುದ್ಧಿ, ಮನಃಸ್ಥಿತಿಗಳ ಪರೀಕ್ಷೆಯೂ ನಡೆಯಿತು. ಹುಟ್ಟಿದ ದಿನದ ತೂಕಕ್ಕೂ ಮುಪ್ಪಿನ ಮನಸ್ಸಿಗೂ ನಂಟು ಹುಡುಕುವ ಇಂಥ ಅವಕಾಶ ಲೋಕದಲ್ಲಿ ವಿರಳ.

ಇಂದಿಗೂ ಖಿನ್ನತೆಯನ್ನು ರಕ್ತವೊಂದರಿಂದಲೇ ನಿರ್ಣಯಿಸಲಾಗದು. ಆದರೂ ಸೂಜಿ ಚುಚ್ಚುವುದು ವ್ಯರ್ಥವಲ್ಲ. ಥೈರಾಯ್ಡ್ ಕುಗ್ಗಿದಾಗ, ಬಿ12 ಜೀವಸತ್ವ ಸಾಲದಾದಾಗ ಮುದುಕರು ಖಿನ್ನರಂತೆಯೇ ಮಂಕಾಗುವುದುಂಟು. ಅದನ್ನು ರಕ್ತ ಹೇಳುತ್ತದೆ. ಮಿಕ್ಕದ್ದನ್ನು ವೈದ್ಯರು ಎದುರಿಗೆ ಕುಳಿತು ಕೇಳಬೇಕು.